‘ಶುದ್ಧ’ ಅನ್ನೋ ಪದ ಮತ್ತು ನನ್ನ ಮಗಳ ಟಿಫನ್ ಡಬ್ಬಿ

ಮಗಳು ಪ್ಲೇ ಸ್ಕೂಲಿಗೆ ಸೇರಿ ಆರು ವಾರ ಆಯ್ತು. ಅವಳಿಗೀಗ ಎರಡು ವರ್ಷ ಹತ್ತು ತಿಂಗಳು. ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ನಿಂತಿರೋ ಫೋಟೋನ ಸ್ಟೇಟಸ್‌ಗೆ ಹಾಕಿದ್ದೆ. ಮೂವರು ಸಂಗಾತಿಗಳು ಫೋನ್ ಮಾಡಿದ್ರು. ಇಬ್ಬರು ಶುಭಾಶಯ ಹೇಳಿದ್ರು. ಮೂರನೆಯವರು, “ಅಲ್ಲಣ್ಣ, ಸರ್ಕಾರಿ ಶಾಲೆ ಉಳಿಸಿ ಅಂತ ಮೈಕ್ ಹಿಡಿಯೋನು ನೀನು, ನಿನ್ ಮಗಳು ಪ್ರೈವೇಟಾ?” ಅಂದ್ರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಫೋನಲ್ಲಿ ಮುಗಿಯೋದಲ್ಲ. ಉದ್ದ ಇದೆ, ಬಿಡುವಾದಾಗ ಓದಿ.

ಮೊದಲು ಮನೆ ಲೆಕ್ಕ ಹೇಳಿಬಿಡ್ತೀನಿ. ಸಂಘಟನೆ, ಜಾಥಾ, ಧರಣಿ ಅಂತ ತಿರುಗಿ ನಾನು ಮದುವೆಯಾದದ್ದೇ 38ಕ್ಕೆ. ಹೆಂಡತಿ ಸ್ಟಾಫ್ ನರ್ಸ್, ಶಿಫ್ಟ್ ಡ್ಯೂಟಿ. ನಾನು ಆಫೀಸಲ್ಲಿ ಗುಮಾಸ್ತ, ಬೆಳಿಗ್ಗೆ ಹತ್ತಕ್ಕೆ ಹಾಜರಿ ಹಾಕಲೇಬೇಕು. ಇಷ್ಟು ದಿನ ಮಗೂನ ನೋಡ್ಕೊಂಡಿದ್ದು ನಮ್ಮವ್ವ. ಅವ್ವನಿಗೆ 66. ಮಂಡಿ ಸವೆದಿದೆ, ಭಾರ ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ನಮ್ಮ ಮಗಳು ಎತ್ತಿಸಿಕೊಳ್ಳದೆ ಊಟ ಮಾಡೋಳಲ್ಲ.

ನಮ್ಮ ಬೀದೀಲಿ ಅಂಗನವಾಡಿ ಇದೆ, ಹೋಗಿ ಕೇಳಿದೆ. ಅಲ್ಲಿ ಕೂರಿಸಿ ಆಟ ಪಾಠ ಹೇಳಿಕೊಡೋದು ಮೂರು ತುಂಬಿದ ಮಕ್ಕಳಿಗೆ. ಮೂರರ ಒಳಗಿನವರಿಗೆ ಪೌಷ್ಟಿಕ ಆಹಾರದ ಪ್ಯಾಕೆಟ್ಟು, ತೂಕ, ಲಸಿಕೆ ಇಷ್ಟೇ. ಹಳ್ಳಿಗಳಲ್ಲಿ ನರೇಗಾ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಬಂದಿದೆ, ಒಳ್ಳೇ ಕೆಲಸ. ಮೈಸೂರಲ್ಲಿ ನಮ್ಮ ಬೀದಿ ಸುತ್ತಮುತ್ತ ಅಂಥದ್ದು ಯಾವುದೂ ಇಲ್ಲ. ಡೇ ಕೇರ್ ಜೊತೆಗಿರೋ ಪ್ಲೇ ಸ್ಕೂಲೇ ಗತಿಯಾಯ್ತು. ಫೀಸು ನನ್ನ ಒಂದು ತಿಂಗಳ ಸಂಬಳ ತಿಂತು.

ಗುಮಾಸ್ತನ ಬುದ್ಧಿ ನೋಡಿ, ಇಷ್ಟು ಸಣ್ಣ ಮಗುವಿನ ವಿಷಯದಲ್ಲಿ ಕಾನೂನು ಏನು ಹೇಳುತ್ತೆ ಅಂತ ಹುಡುಕಿದೆ. ಸಂವಿಧಾನದ 45ನೇ ವಿಧಿ ಮೊದಲು ಹೇಗಿತ್ತು ಗೊತ್ತಾ? ಹತ್ತು ವರ್ಷದೊಳಗೆ, 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡೋಕೆ ರಾಜ್ಯ ಪ್ರಯತ್ನಿಸಬೇಕು ಅಂತ. ಎಲ್ಲ ಮಕ್ಕಳು ಅಂದ್ರೆ ಮೂರು ವರ್ಷದವರೂ ಅದರಲ್ಲಿದ್ರು. 2002ರಲ್ಲಿ 86ನೇ ತಿದ್ದುಪಡಿ ಬಂತು. ಶಿಕ್ಷಣ ಮೂಲಭೂತ ಹಕ್ಕಾಯ್ತು, ಆದರೆ ಆರರಿಂದ 14 ವರ್ಷದವರಿಗೆ ಮಾತ್ರ. ಆರರ ಒಳಗಿನವರು 45ನೇ ವಿಧಿಯಲ್ಲೇ ಉಳಿದುಕೊಂಡ್ರು, ‘ಪ್ರಯತ್ನಿಸಬೇಕು’ ಅನ್ನೋ ಪದದ ಕೆಳಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ನೋಡಿ. ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆಯನ್ನ ಸರ್ಕಾರ ‘ಮಾಡಬಹುದು’ ಅಂತಿದೆ. ‘ಮಾಡತಕ್ಕದ್ದು’ ಅಂತಿಲ್ಲ. ಈ ಎರಡು ಪದಗಳ ನಡುವಿನ ದೂರ ಎಷ್ಟು ಅಂತ ಸರ್ಕಾರಿ ಕಡತ ಹಿಡಿದ ಯಾರಿಗಾದ್ರೂ ಗೊತ್ತು. ಅದೇ ಕಾಯ್ದೆಯ 13ನೇ ಸೆಕ್ಷನ್ ಡೊನೇಷನ್ ತಗೋಬಾರದು, ಮಗೂನ ಅಪ್ಪ ಅಮ್ಮನ್ನ ಇಂಟರ್‌ವ್ಯೂ ಮಾಡಬಾರದು ಅನ್ನುತ್ತೆ. ಅದು ಅನ್ವಯಿಸೋದು ಪ್ರಾಥಮಿಕ ಶಿಕ್ಷಣ ಕೊಡೋ ಶಾಲೆಗೆ. ಬರೀ ಪ್ಲೇ ಸ್ಕೂಲ್ ನಡೆಸೋರು ಆ ಕಾಯ್ದೆಯ ‘ಶಾಲೆ’ ಅನ್ನೋ ವ್ಯಾಖ್ಯೆಯೊಳಗೇ ಬರಲ್ಲ.

ಅಂದ್ರೆ ನನ್ನ ಮಗಳು ಮೊದಲ ಸಲ ಮನೆ ಬಿಟ್ಟು ಕಾಲಿಟ್ಟ ಜಾಗ, ಹಕ್ಕು ಅನ್ನೋದು ಇನ್ನೂ ಶುರುವಾಗದ ಜಾಗ. ಆದರೆ ಜಾತಿ ಅಲ್ಲಿ ಅದಾಗಲೇ ಶುರುವಾಗಿತ್ತು.

ಅಡ್ಮಿಷನ್ ಫಾರಂ ಕೊಟ್ರು. ಬಣ್ಣಬಣ್ಣದ್ದು, ಮೂಲೇಲಿ ಆನೆಮರಿ ಚಿತ್ರ. ಮಗುವಿನ ಹೆಸರು, ಮುದ್ದಿನ ಹೆಸರು, ಇಷ್ಟದ ಬಣ್ಣ, ಯಾವುದಕ್ಕೆ ಹೆದರುತ್ತೆ. ಅದಾದ ಮೇಲೆ ಧರ್ಮ, ಜಾತಿ, ಉಪಜಾತಿ.

ನಾನು ಇಪ್ಪತ್ತು ವರ್ಷದಿಂದ ಫಾರಂಗಳ ಜೊತೆ ಬದುಕ್ತಿರೋನು. ಒಂದು ಕಾಲಂ ಇದೆ ಅಂದ್ರೆ ಅದನ್ನ ಎತ್ತಿ ಬರೆಯೋಕೆ ಎಲ್ಲೋ ಒಂದು ರಿಜಿಸ್ಟರ್ ಇರಬೇಕು. ಸರ್ಕಾರಿ ಶಾಲೇಲಿ ಜಾತಿ ಕೇಳ್ತಾರೆ, ಸ್ಕಾಲರ್‌ಶಿಪ್ ಇದೆ, ಹಾಸ್ಟೆಲ್ ಇದೆ, ಮೀಸಲಾತಿ ಇದೆ. ಕೇಳಲೇಬೇಕು. ಇಲ್ಲಿ ಅದ್ಯಾವುದೂ ಇಲ್ಲ. “ಇದು ಯಾವ ಉಪಯೋಗಕ್ಕೆ ಮೇಡಂ?” ಅಂತ ಕೌಂಟರಿನಲ್ಲಿದ್ದ ಹುಡುಗೀನ ಕೇಳಿದೆ. “ಸುಮ್ನೆ ಸರ್, ಪ್ರಿಂಟೇ ಹಂಗಿದೆ” ಅಂದ್ಲು. ಅವಳು ಸುಳ್ಳು ಹೇಳಲಿಲ್ಲ ಅಂತ ನನಗನ್ನಿಸ್ತು. ಯಾರೂ ಯೋಚಿಸದೇನೇ ಪ್ರಿಂಟ್ ಆಗೋದೇ ಅಲ್ವಾ ಜಾತಿ.

ಫಾರಂ ಮನೆಗೆ ತಂದೆ. ರಾತ್ರಿ ನಾನೂ ಹೆಂಡತೀನೂ ಅದನ್ನ ಮುಂದಿಟ್ಕೊಂಡು ಕೂತ್ವಿ. ಅವಳು, “ಬರೆದ್ರೆ ಮಗೂನ ಹೆಂಗ್ ನೋಡ್ತಾರೋ ಅಂತ ಭಯ. ಬರೀದೇ ಇದ್ರೆ ನಾವೇ ಏನೋ ಮುಚ್ಚಿಟ್ಟಂಗೆ ಆಗುತ್ತೆ” ಅಂದ್ಲು. ಇದು ನಮ್ಮ ಮನೆ ಮಾತು ಮಾತ್ರ ಅಲ್ಲ ಅಂತ ಗೊತ್ತು. ಬಾಡಿಗೆ ಮನೆ ಹುಡುಕುವಾಗ, ಮದುವೆ ಮನೆ ಪಂಕ್ತೀಲಿ ಪಕ್ಕದೋರು ‘ನಿಮ್ಮದು ಯಾವ ಕಡೆ’ ಅಂದಾಗ ನಾವೆಲ್ಲ ಆಡ್ಕೊಳ್ಳೋ ಮಾತೇ. ಅಷ್ಟಕ್ಕೂ ಖಾಲಿ ಬಿಟ್ರೂ ಅದರ ಕೆಳಗೇ ವಿಳಾಸದ ಕಾಲಂ ಇತ್ತು. ನಮ್ಮ ಬಡಾವಣೆ ಹೆಸರು ಬರೆದ್ರೆ ಸಾಕು, ಮೇಲಿನ ಮೂರೂ ಕಾಲಂ ತಾನಾಗೇ ಭರ್ತಿ ಆಗ್ತವೆ.

ಬರೆದೆ. ‘ಪರಿಶಿಷ್ಟ ಜಾತಿ’ ಅಂತ ಪೂರ್ತಿ ಅಕ್ಷರದಲ್ಲಿ, ದುಂಡಗೆ. ಉಪಜಾತಿ ಕಾಲಂಗೆ ಗೀಟು ಎಳೆದೆ. ಕೆಳಗೆ, ‘ಈ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂದು ದಯಮಾಡಿ ತಿಳಿಸಿ’ ಅಂತ ಸೇರಿಸಿ ಸಹಿ ಮಾಡಿದೆ. ಉತ್ತರ ಇವತ್ತಿಗೂ ಬಂದಿಲ್ಲ. ಆದರೆ ಮುಚ್ಚಿಡೋದನ್ನ ಮಗಳಿಗೆ ಮೊದಲ ಪಾಠವಾಗಿ ಕೊಡೋದು ನಮಗಿಬ್ಬರಿಗೂ ಬೇಡವಾಗಿತ್ತು.

ಮೊದಲ ವಾರ ಎಲ್ಲ ಮಕ್ಕಳ ಹಾಗೇ ಅತ್ತಳು. ಗೇಟಿನ ಹತ್ರ ನನ್ನ ಶರ್ಟಿನ ಕಾಲರ್ ಹಿಡಿದ್ರೆ ಬಿಡಿಸೋಕಾಗ್ತಿರಲಿಲ್ಲ. ಹೋಗು ಅಂದ್ರೂ ಅಳು, ಟಾಟಾ ಅಂದ್ರೆ ಇನ್ನೂ ಜೋರು. ಎರಡು ದಿನ ಅರ್ಧ ರಜೆ ಹಾಕಿ ಎದುರಿನ ಟೀ ಅಂಗಡೀಲಿ ಕೂತಿದ್ದೆ. ಒಳಗಿಂದ ಹತ್ತು ಮಕ್ಕಳ ಅಳು ಒಟ್ಟಿಗೆ ಬರೋದು, ಅದರಲ್ಲಿ ನಮ್ಮದು ಯಾವುದು ಅಂತ ಕಿವಿ ತಾನೇ ಆರಿಸೋದು. ಲಾಠಿ ಏಟು ತಿಂದಾಗ್ಲೂ ಹೀಗಾಗಿರಲಿಲ್ಲ. ನನ್ನ ಜೊತೆ ಒಬ್ಬ ಕ್ಯಾಬ್ ಡ್ರೈವರ್, ಒಬ್ಬ ಸಾಫ್ಟ್‌ವೇರಿನವರು ಕೂತಿರೋರು. ಮೂವರೂ ಸುಮ್ನೆ ಟೀ ಕುಡಿಯೋದು. ಮಗು ಬಿಟ್ಟು ಬಂದ ಅಪ್ಪಂದಿರಿಗೆ ಮಾತಾಡೋಕೆ ಜಾಸ್ತಿ ಏನೂ ಇರಲ್ಲ.

ನಾಲ್ಕನೇ ದಿನ ಅಳು ನಿಂತಿತು. ನಿಲ್ಲಿಸಿದ್ದು ಮಿಸ್ ಅಲ್ಲ, ಆಯಾ. ನನಗಿಂತ ಐದಾರು ವರ್ಷ ದೊಡ್ಡೋರು. ಮಗೂನ ಸೊಂಟಕ್ಕೆ ಏರಿಸ್ಕೊಂಡು, ಕಾಂಪೌಂಡಿನ ಮೇಲೆ ಓಡೋ ಅಳಿಲು ತೋರಿಸ್ಕೊಂಡು ಒಳಗೆ ಹೋಗೇಬಿಟ್ರು. ಬೇರೆ ಮಕ್ಕಳು ಅವರನ್ನ ಆಂಟಿ ಅಂತವೆ. ನಮ್ಮ ಮಗಳು ಅತ್ತೆ ಅಂತಾಳೆ. ಅವರ ಮನೆ ನಮ್ಮ ಪಕ್ಕದ ಬಡಾವಣೇಲೇ. ನಮ್ಮೋರೇ.

ಮನೇಲಿ ಇದನ್ನ ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ. “ಆವಮ್ಮನ ಕೈಲಿ ಮಕ್ಳು ಉಣ್ತವಾ?”

ಈ ಪ್ರಶ್ನೆ ಯಾಕೆ ಬಂತು ಅಂತ ಗೊತ್ತಾಗಬೇಕಾದ್ರೆ ನಮ್ಮವ್ವನ ವಿಷಯ ಹೇಳಬೇಕು. ಅವ್ವ ತಿ. ನರಸೀಪುರ ತಾಲೂಕಿನ ನಮ್ಮೂರಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದೋಳು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಯೋಜನೆ ಶುರುವಾದಾಗ ಪ್ರಾಯೋಗಿಕವಾಗಿ ಆರಿಸಿದ್ದು 33 ಕಡೆ. ಕರ್ನಾಟಕಕ್ಕೆ ಅದು ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅವ್ವ ಸೇರಿದ್ದು ಅದಾಗಿ ಹತ್ತು ವರ್ಷದ ಮೇಲೆ. ನಾನಾಗ ನಾಲ್ಕು ವರ್ಷದ ಹುಡುಗ, ಅವಳ ಸೆರಗು ಹಿಡಿದು ಅಲ್ಲಿಗೇ ಹೋದವನು.

“ನಾನು ಉಪ್ಪಿಟ್ಟು ಕಲ್ಸುದ್ರೆ ಮ್ಯಾಗಲ ಬೀದಿ ಮಕ್ಳು ತಟ್ಟೆ ಹಿಡ್ಕಂಡು ಮನೆಗೆ ಓಡೋವು ಕಣಪ್ಪ. ಅವ್ಕೇನು ಗೊತ್ತು, ಅವ್ವದೀರು ಹೇಳಿ ಕಳ್ಸೋರು. ಮುಕ್ಳಿ ತೊಳ್ಯಕೆ ನನ್ ಕೈ ಆಯ್ತಿತ್ತು, ಉಪ್ಪಿಟ್ಟಿಗೆ ಆಯ್ತಿರ್ನಿಲ್ಲ.”

ಇದು ಹೇಗೆ ನಿಂತಿತು ಅಂತ ನಾನು ಎಷ್ಟೋ ಸಲ ಕೇಳಿದ್ದೀನಿ, ಅವಳು ಅಷ್ಟೇ ಸಲ ಹೇಳಿದ್ದಾಳೆ. ಒಂದಿನ ಸೂಪರ್‌ವೈಜರ್ ಬಂದರಂತೆ. ಅವ್ವನ ಕೈಯಿಂದ್ಲೇ ಉಪ್ಪಿಟ್ಟು ಹಾಕಿಸ್ಕೊಂಡು, ಮ್ಯಾಗಲ ಬೀದಿ ಹೆಂಗಸರ ಎದುರಿಗೇ ಜಗಲಿ ಮೇಲೆ ಕೂತು ತಿಂದರಂತೆ. ಭಾಷಣ ಮಾಡ್ಲಿಲ್ಲ, ತಿಂದು ಕೈ ತೊಳ್ಕೊಂಡು ರಿಜಿಸ್ಟರ್ ನೋಡಿ ಹೋದರು. ಆಮೇಲೆ ಒಂದೊಂದಾಗಿ ಮಕ್ಕಳು ಕೂತ್ಕೊಂಡವು. ಪೂರ್ತಿ ಸರಿಹೋಗೋಕೆ ಮೂರು ವರ್ಷ ಹಿಡೀತು ಅಂತಾಳೆ ಅವ್ವ.

ಬಿಸಿಯೂಟದ ಅಡುಗೆಯವರನ್ನ ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳ್ತು, ಆಹಾರದ ಹಕ್ಕಿನ ಕೇಸಲ್ಲಿ. ಯಾರ ಕೈಯಿಂದ ಅನ್ನ ಬೀಳುತ್ತೆ ಅನ್ನೋದೂ ಮಗುವಿಗೆ ಒಂದು ಪಾಠ. ಆ ಮಾತು ಕೋರ್ಟಿನ ಬಾಯಲ್ಲಿ ಬರೋ ಎಷ್ಟೋ ವರ್ಷ ಮುಂಚೆ ನಮ್ಮೂರ ಜಗಲಿ ಮೇಲೆ ಒಬ್ಬ ಹೆಣ್ಮಗಳು ಅದನ್ನ ಮಾಡಿ ತೋರಿಸಿದ್ದರು.

ಈಗ ಪ್ಲೇ ಸ್ಕೂಲಿಗೆ ಬರ್ತೀನಿ. ಎರಡನೇ ವಾರ ಪೇರೆಂಟ್ಸ್ ಗ್ರೂಪಲ್ಲಿ ಮೆಸೇಜ್ ಬಂತು. ಟಿಫನ್ ಡಬ್ಬಿಗೆ ಶುದ್ಧ ಸಸ್ಯಾಹಾರ ಮಾತ್ರ ಕಳಿಸಿ, ಮೊಟ್ಟೆಯೂ ಬೇಡ ಅಂತ. ನಮ್ಮ ಮಗಳ ತೂಕ ಕಮ್ಮಿ. ದಿನಕ್ಕೊಂದು ಮೊಟ್ಟೆ ಕೊಡಿ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಅವಳು ರಗಳೆ ಮಾಡದೆ ತಿನ್ನೋದೂ ಅದೊಂದನ್ನೇ.

ಗ್ರೂಪಲ್ಲಿ ಬರೆದೆ. “ಮೇಡಂ, ನಮ್ಮ ಮಗುವಿಗೆ ಮೊಟ್ಟೆ ಬೇಕು. ಸರ್ಕಾರವೇ ಅಂಗನವಾಡೀಲೂ ಶಾಲೇಲೂ ಮೊಟ್ಟೆ ಕೊಡ್ತಿದೆ. ಇಲ್ಲಿ ಯಾಕೆ ಬೇಡ? ಹಾಗೇ ‘ಶುದ್ಧ’ ಅನ್ನೋ ಪದ ಬಿಟ್ಟುಬಿಡಿ. ಅದು ಶುದ್ಧ ಅಂದ್ರೆ ನಮ್ಮ ಮನೆ ಊಟ ಏನು ಅಂತ ನಾಳೆ ಮಗಳು ಕೇಳಿದ್ರೆ ನಾನು ಉತ್ತರ ಕೊಡಬೇಕಾಗುತ್ತೆ.”

ಎರಡು ಗಂಟೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬ ಮುಸ್ಲಿಂ ತಾಯಿ, “ನಮ್ಮದೂ ಅದೇ ಪ್ರಶ್ನೆ” ಅಂತ ಹಾಕಿದ್ರು. ಟೀ ಅಂಗಡೀಲಿ ಜೊತೆಗೆ ಕೂರ್ತಿದ್ದ ಡ್ರೈವರ್, ಗೌಡರ ಹುಡುಗ, ಗ್ರೂಪಲ್ಲಿ ಏನೂ ಹಾಕದೆ ನನಗೇ ಫೋನ್ ಮಾಡಿ, “ಅಣ್ಣ, ನಮ್ಮನೇಲೂ ತಿಂತೀವಿ. ಮೊದ್ಲು ಹೇಳಕೆ ಒಂಥರಾ ಆಯ್ತು. ನೀವ್ ಹೋದ್ರೆ ನಾನೂ ಬತ್ತೀನಿ” ಅಂದ. ನಾಲ್ಕು ಜನ ಹೋದ್ವಿ.

ಸ್ಕೂಲ್ ನಡೆಸೋ ಮೇಡಂ ಕೆಟ್ಟೋರಲ್ಲ. ಕೂರಿಸಿ ಮಾತಾಡಿಸಿದ್ರು. “ನನಗೇನಿಲ್ಲ ಸರ್, ನಾನೂ ತಿಂತೀನಿ. ಆದರೆ ಪಕ್ಕದ ಮಗು ಮುಟ್ಟಿಬಿಟ್ರೆ ಅವರ ಪೇರೆಂಟ್ಸ್ ಗಲಾಟೆ ಮಾಡ್ತಾರೆ” ಅಂದ್ರು.

“ಮುಟ್ಟಿದ್ರೆ ಏನಾಗುತ್ತೆ ಮೇಡಂ?” ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ಮುಟ್ಟೋದು ಅನ್ನೋ ಪದ ಆ ರೂಮಲ್ಲಿ ಎಲ್ಲರಿಗೂ ಒಟ್ಟಿಗೆ ಕೇಳಿಸ್ತು ಅನ್ಸುತ್ತೆ. ಒಂದು ವಾರ ಬಿಟ್ಟು ಹೊಸ ಮೆಸೇಜ್ ಬಂತು. ಬೇಯಿಸಿದ ಮೊಟ್ಟೆ ಕಳಿಸಬಹುದು, ಬೇಗ ಕೆಡೋ ಪದಾರ್ಥ ಬೇಡ, ಮಾಂಸ ಬೇಡ. ‘ಶುದ್ಧ’ ಇರಲಿಲ್ಲ. ಪೂರ್ತಿ ಗೆಲುವಲ್ಲ, ಗೊತ್ತು. ಆದರೆ ಈಗ ಐದು ಡಬ್ಬೀಲಿ ಮೊಟ್ಟೆ ಇರುತ್ತೆ.

ಒಂದು ಪದಕ್ಕೆ ಇಷ್ಟೊಂದು ಯಾಕೆ ಅಂತ ಕೆಲವರು ಕೇಳಬಹುದು. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಪುಟ್ಟ ದಲಿತ ಮಗುವೊಂದು ಹುಟ್ಟುಹಬ್ಬದ ದಿನ ಗುಡಿಯೊಳಗೆ ಓಡಿಹೋಯ್ತು. ನಮ್ಮ ಮಗಳ ಓರಗೆಯ ಮಗು. ಗುಡಿಯ ಶುದ್ಧೀಕರಣಕ್ಕೆ ಅಂತ ಆ ಮನೆಯವರಿಗೆ 25 ಸಾವಿರ ರೂಪಾಯಿ ದಂಡ ಕೇಳಿದ್ರು. ಅಲ್ಲೂ ಇದ್ದದ್ದು ಇದೇ ಪದ. ಮಗುವಿಗೆ ಗುಡಿ ಅಂದ್ರೆ ಏನು ಅಂತ ಗೊತ್ತಿಲ್ಲ, ಆದರೆ ಊರಿಗೆ ಮಗು ಯಾರು ಅಂತ ಗೊತ್ತು.

ಬಾಬಾಸಾಹೇಬರ ಹೆಸರು ಸತಾರಾದ ಶಾಲೆಯ ರಿಜಿಸ್ಟರಿಗೆ ಬಿದ್ದದ್ದು 1900ರ ನವೆಂಬರ್ 7ರಂದು. ಮನೆಯಿಂದ ಗೋಣಿತಟ್ಟು ತಂದು ಅದರ ಮೇಲೆ ಬೇರೆ ಕೂತದ್ದು, ಜವಾನ ಇಲ್ಲದ ದಿನ ನೀರೇ ಸಿಗದೆ ಇದ್ದದ್ದು, ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ನನ್ನ ಮಗಳು ಎಲ್ಲರ ಜೊತೆ ಅದೇ ಹಳದಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರ್ತಾಳೆ, ಅದೇ ಫಿಲ್ಟರಿನ ನೀರು ಕುಡೀತಾಳೆ. ಇದು ಸುಮ್ನೆ ಬಂದದ್ದಲ್ಲ. ನಾಲ್ಕು ತಲೆಮಾರು ಗೆದ್ದು ಕೊಟ್ಟದ್ದು. ಅದನ್ನ ದಿನಾ ನೆನೀತೀನಿ.

ಆದರೆ ಅವ್ವನ ಪ್ರಶ್ನೆ ಉಳಿದಿತ್ತಲ್ಲ. ಒಂದಿನ ಬೇಗ ಕರ್ಕೊಂಡು ಬರೋಕೆ ಹೋದಾಗ ನೋಡಿದೆ. ಟಿಫನ್ ಹೊತ್ತು. ಮಿಸ್‌ಗಳು ಡಬ್ಬಿ ತೆಗೆದು ತಿನ್ನಿಸ್ತಿದ್ರು. ಆಯಾ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ರು. ಮಾರನೇ ದಿನ ಗೇಟಿನ ಹತ್ರ ಮೆಲ್ಲಗೆ ಕೇಳಿದೆ.

“ಬಾತ್‌ರೂಮ್ ಕೆಲಸದೋರು ಊಟದ ಸಾಮಾನು ಮುಟ್ಬಾರ್ದಂತೆ ಅಣ್ಣ. ಕಿಲೀನಾಗಿರ್ಬೇಕಂತೆ. ನೀವು ಅದನ್ನ ದೊಡ್ಡದು ಮಾಡ್ಬೇಡಿ. ಎಂಟ್ ಸಾವ್ರ ಬತ್ತದೆ. ನಿಮ್ಗೇನು ಕೇಳ್ಬುಟ್ಟು ಹೋಯ್ತೀರಿ, ಮನೆಗೆ ಕಳ್ಸೋದು ನನ್ನ.”

ಮಿಸ್‌ಗಳೂ ಮಕ್ಕಳನ್ನ ಬಾತ್‌ರೂಮಿಗೆ ಕರ್ಕೊಂಡು ಹೋಗ್ತಾರೆ. ಬಂದು ಸೋಪ್ ಹಾಕಿ ಕೈ ತೊಳೆದು ಡಬ್ಬಿ ತೆಗೀತಾರೆ. ಸೋಪು ಇಬ್ಬರಿಗೂ ಒಂದೇ. ಒಬ್ಬರ ಕೈ ಮಾತ್ರ ಎಷ್ಟು ತೊಳೆದ್ರೂ ಒಳಗೆ ಬರಲ್ಲ. ನಲವತ್ತು ವರ್ಷದ ಹಿಂದೆ ಅವ್ವ ಹೇಳಿದ ಅದೇ ವಾಕ್ಯ, ಈಗ ಅದಕ್ಕೆ ‘ಹೈಜೀನ್’ ಅಂತ ಹೆಸರು. ಮಕ್ಕಳು ಇದನ್ನ ನೋಡ್ತಾ ಕೂತಿರ್ತವೆ. ಯಾರೂ ಜಾತಿ ಅನ್ನೋ ಪದ ಆಡಲ್ಲ. ಎತ್ಕೊಳ್ಳೋ ಕೈ ಯಾವುದು, ತಿನ್ನಿಸೋ ಕೈ ಯಾವುದು ಅಂತ ಮಾತ್ರ ಕಲೀತವೆ. ಮಾತು ಬರೋ ಮುಂಚೆ ಕಲಿತದ್ದನ್ನ ಆಮೇಲೆ ಯಾವ ಮೌಲ್ಯಶಿಕ್ಷಣ ಪುಸ್ತಕದಿಂದ ಅಳಿಸ್ತೀರಿ?

ಇದನ್ನ ನಾನು ಧರಣಿ ಮಾಡಿ ಕೇಳೋಕಾಗಲ್ಲ. ಕೇಳಿದ್ರೆ ಅನ್ನ ಹೋಗೋದು ನನ್ನದಲ್ಲ, ಆ ಅಕ್ಕನದು. ಅದಕ್ಕೇ ಸ್ಕೂಲಿನ ಹೆಸರು ಬರೆದಿಲ್ಲ, ಗುರುತು ಸಿಗೋ ವಿವರ ಒಂದೆರಡು ಬಿಟ್ಟಿದ್ದೀನಿ. ಈ ಪೋಸ್ಟನ್ನ ಅವರಿಗೆ ಓದಿ ಹೇಳಿ, ಆಯ್ತು ಅಂದ ಮೇಲೇ ಹಾಕ್ತಿದ್ದೀನಿ. ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ನಾವು ನಾಲ್ಕೂ ಜನ ಒಂದು ವಿಷಯ ಇಡ್ತಿದ್ದೀವಿ. ಕೆಲಸ ಮಾಡೋ ಎಲ್ಲರಿಗೂ ಒಂದೇ ಕೈ ತೊಳೆಯೋ ನಿಯಮ ಇರಲಿ, ಟಿಫನ್ ಹೊತ್ತಲ್ಲಿ ಸರದಿ ಪ್ರಕಾರ ಎಲ್ಲರೂ ಒಳಗಿರಲಿ ಅಂತ. ಯಾರ ಹೆಸರೂ ಹೇಳಲ್ಲ. ಆಗುತ್ತೋ ಬಿಡುತ್ತೋ ನೋಡಬೇಕು.

ಇನ್ನು ಸಂಗಾತಿಯ ಪ್ರಶ್ನೆಗೆ ನೇರವಾಗಿ. ಸರ್ಕಾರಿ ಶಾಲೆ ಉಳಿಸಿ ಅನ್ನೋ ಮಾತಿಂದ ನಾನು ಹಿಂದೆ ಸರಿದಿಲ್ಲ. ಆದರೆ ನಮ್ಮ ಬೇಡಿಕೆ ಪಟ್ಟಿ ಇಷ್ಟು ದಿನ ಒಂದನೇ ಕ್ಲಾಸಿಂದ ಶುರುವಾಗ್ತಿತ್ತು. ಅದನ್ನ ಕೆಳಗಿಳಿಸಬೇಕು. ಆರರ ಒಳಗಿನ ಮಕ್ಕಳಿಗೂ ಶಿಕ್ಷಣ ಹಕ್ಕಾಗಬೇಕು, ‘ಮಾಡಬಹುದು’ ಹೋಗಿ ‘ಮಾಡತಕ್ಕದ್ದು’ ಬರಬೇಕು. ಬಡಾವಣೆಗಳಲ್ಲಿ ಮೂರರ ಒಳಗಿನವರಿಗೂ ಜಾಗ ಇರೋ ಅಂಗನವಾಡಿ ಬೇಕು. ಅಲ್ಲಿ ಕೆಲಸ ಮಾಡೋ ಹೆಣ್ಮಕ್ಕಳಿಗೆ ಗ್ರಾಚ್ಯುಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲೇ ತೀರ್ಪು ಕೊಟ್ಟಿದೆ. ಆದರೂ ಅವರಿಗೆ ಸಿಗೋದಕ್ಕೆ ಈಗಲೂ ಸಂಬಳ ಅಂತ ಹೆಸರಿಲ್ಲ, ಗೌರವಧನ ಅಂತಾರೆ. ಅವ್ವ ಅದನ್ನ, “ಗೌರವನೂ ಇಲ್ಲ, ಧನನೂ ಇಲ್ಲ” ಅಂತಿದ್ಲು.

ಪ್ರೈವೇಟಿಗೆ ಕಳಿಸ್ತಿರೋ ನಮ್ಮ ಅಕ್ಕ ತಂಗಿಯರು, ಅಣ್ಣ ತಮ್ಮಂದಿರು ಮೂರೇ ಮೂರು ಪ್ರಶ್ನೆ ಕೇಳಿ. ಜಾತಿ ಕಾಲಂ ಯಾಕಿದೆ? ಡಬ್ಬಿಗೆ ಏನು ಬೇಡ, ಯಾಕೆ ಬೇಡ? ಆಯಾಗೆ ಎಷ್ಟು ಸಂಬಳ, ಟಿಫನ್ ಹೊತ್ತಲ್ಲಿ ಅವರು ಎಲ್ಲಿರ್ತಾರೆ? ಒಬ್ಬರೇ ಕೇಳಬೇಡಿ, ಇನ್ನಿಬ್ಬರನ್ನ ಜೊತೆ ಮಾಡ್ಕೊಳ್ಳಿ. ಟೀ ಅಂಗಡೀಲಿ ಸಿಕ್ಕೇ ಸಿಗ್ತಾರೆ.

ನಿಮ್ಮೂರಲ್ಲಿ ಹೇಗಿದೆ ಅಂತ ಬರೀರಿ. ಆಯಾ ಕೆಲಸ, ಸಹಾಯಕಿ ಕೆಲಸ ಮಾಡೋ ಅಕ್ಕಂದಿರು ಇನ್‌ಬಾಕ್ಸಿಗೆ ಬನ್ನಿ. ಹೆಸರು ಎಲ್ಲೂ ಹೊರಗೆ ಬರಲ್ಲ, ಅದು ನನ್ನ ಜವಾಬ್ದಾರಿ.

ಜೈಭೀಮ್.